ಮಿಂಚಂಚೆಗೊಂದು ಅಂಚೆಕಚೇರಿ

ಬಡವನಹಳ್ಳಿಯ ಅಂಚೆಪೆಟ್ಟಿಗೆಗೆ ಹಾಕಿದ ಕಾಗದವು ಬೆಂಗಳೂರಿನ ವಿಳಾಸದಾರನ ಕೈಗೆ ನೇರವಾಗಿ ಹಾರಿಹೋಗುವುದಿಲ್ಲ. ಒಂದು ಕಚೇರಿಯು ಅದನ್ನು ಮತ್ತೊಂದಕ್ಕೆ ಒಪ್ಪಿಸುತ್ತದೆ. ಒಪ್ಪಿಸಿದ ಮೇಲೆಯೇ ಮೊದಲನೆಯದರ ಹೊಣೆ ತೀರುವುದು. ಮಿಂಚಂಚೆಯೂ ಇದೇ ನಿಯಮವನ್ನು ಅನುಸರಿಸುತ್ತದೆ. ಅದರ ಅಂಚೆಕಚೇರಿಗೆ ಮೇಲ್ ಸರ್ವರ್ ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯುಳ್ಳ ಹಳೆಯ ಗಣಕವೊಂದಿದ್ದರೆ ವಿದ್ಯಾರ್ಥಿಗಳು ಇಂಥ ಕಚೇರಿಯನ್ನು ತಾವೇ ಸ್ಥಾಪಿಸಬಹುದು.

ನಮ್ಮ ದೇಶದಲ್ಲಿ 1986ರಲ್ಲಿ ಪ್ರಾರಂಭವಾದ ಎರ್ನೆಟ್ ಯೋಜನೆಯು ವಿದ್ಯಾಸಂಸ್ಥೆಗಳ ಗಣಕಗಳನ್ನು ಜೋಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಅದರಲ್ಲಿ ಸೇರಿತ್ತು. ಸರ್ವರುಗಳು ಪರಸ್ಪರ ಸಂಭಾಷಿಸುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜೊನಾಥನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು. ಅದರಂತೆ ನಡೆಯುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವು ವೀಟ್ಸೆ ವೆನೆಮಾ ಅವರ ರಚನೆ, 1998ರಲ್ಲಿ ಬಿಡುಗಡೆಯಾಯಿತು.

ಉಬುಂಟುವಿನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಫಿಕ್ಸ್’ ಎಂಬ ಒಂದೇ ಆಜ್ಞೆಯಿಂದ ಅದು ಬಂದು ಕೂರುತ್ತದೆ. ವಿವೇಚನೆ ಬೇಕಾಗುವುದು ಅನಂತರ, ‘ಮೈನ್.ಸಿಎಫ್’ ಎಂಬ ಕಡತವನ್ನು ತಿದ್ದುವಾಗ. ಅಲ್ಲಿ ‘ಮೈಹೋಸ್ಟ್‌ನೇಮ್’ ಎಂಬುದು ಕಚೇರಿಯ ಹೆಸರು. ‘ಮೈಡೆಸ್ಟಿನೇಶನ್’ ಎಂಬುದು ಯಾವ ವಿಳಾಸದ ಕಾಗದಗಳನ್ನು ತನ್ನವೆಂದು ಇರಿಸಿಕೊಳ್ಳಬೇಕೆಂದು ತಿಳಿಸುತ್ತದೆ. ಯಾರು ಕೊಟ್ಟ ಕಾಗದಗಳನ್ನು ಹೊರಗೆ ಸಾಗಿಸಬಹುದೆಂಬುದು ‘ಮೈನೆಟ್‌ವರ್ಕ್ಸ್’ನಿಂದ ನಿರ್ಣಯವಾಗುತ್ತದೆ. ಇದರಲ್ಲಿ ಔದಾರ್ಯ ಸಲ್ಲದು! ಜಗತ್ತಿಗೆಲ್ಲ ಬಾಗಿಲು ತೆರೆದಿಟ್ಟರೆ ವಂಚಕರು ಆ ಗಣಕದ ಮೂಲಕ ಸಾವಿರಾರು ಕಳ್ಳಪತ್ರಗಳನ್ನು ಕಳುಹಿಸುವರು. ಇತರ ಸರ್ವರುಗಳು ಅದನ್ನು ಕಪ್ಪುಪಟ್ಟಿಗೆ ಸೇರಿಸಿ, ಪ್ರಾಮಾಣಿಕ ಕಾಗದಗಳನ್ನೂ ತಿರಸ್ಕರಿಸುವುವು.

ಈಗ ಒಂದು ಪ್ರಶ್ನೆ. ಕಾಗದವು ಬರುತ್ತಿರುವಾಗಲೇ ವಿದ್ಯುತ್ತು ನಿಂತುಹೋದರೆ? ನಮ್ಮ ಹಳ್ಳಿಗಳಲ್ಲಿ ಇದು ಕೇವಲ ಊಹೆಯ ಮಾತಲ್ಲ. ಕಳುಹಿಸುವ ಸರ್ವರು ಕಾಗದವನ್ನೆಲ್ಲ ಓದಿಹೇಳಿ, ಒಂದು ಸಾಲಿನಲ್ಲಿ ಚುಕ್ಕೆಯೊಂದನ್ನೇ ಇಟ್ಟು ಮುಗಿಸುತ್ತದೆ. ಪಡೆದ ಸರ್ವರು ಅದನ್ನು ಮೊದಲು ತಟ್ಟೆಯ ಮೇಲೆ ಬರೆದಿಟ್ಟು, ಆಮೇಲೆ ‘250’ ಎಂದು ಉತ್ತರಿಸುತ್ತದೆ. ಈ ಮೂರು ಅಂಕೆಗಳೇ ರಸೀತಿ. ರಸೀತಿಗೆ ಮುಂಚೆ ದೀಪ ಆರಿದರೆ, ಪ್ರತಿಯು ಕಳುಹಿಸಿದವನಲ್ಲಿಯೇ ಉಳಿದಿರುತ್ತದೆ. ಅವನು ಪುನಃ ಪ್ರಯತ್ನಿಸುತ್ತಾನೆ. ರಸೀತಿ ತಲುಪಿದ ಮೇಲೆ ಆರಿದರೆ, ಕಾಗದವು ತಟ್ಟೆಯಲ್ಲಿ ಕ್ಷೇಮ. ಬರೆದಿಟ್ಟ ಮೇಲೆ, ಆದರೆ ರಸೀತಿ ತಲುಪುವ ಮೊದಲೇ ಆರಿದರೆ? ಆಗ ಅದೇ ಕಾಗದವು ಎರಡು ಸಲ ಬಂದೀತು. ಕಳೆಯುವುದಕ್ಕಿಂತ ಇಮ್ಮಡಿಯಾಗುವುದೇ ಲೇಸೆಂಬ ಈ ಏರ್ಪಾಡು ನಮಗೆ ಬಹು ಜಾಣತನದ್ದಾಗಿ ತೋರುತ್ತದೆ.

ಕಳುಹಿಸುವುದೂ ಪೋಸ್ಟ್‌ಫಿಕ್ಸೇ ಆಗಿದ್ದರೆ, ತಾತ್ಕಾಲಿಕ ಅಡಚಣೆಯಾದಾಗ ಅದು ಮೊದಲು ಸುಮಾರು 300 ಸೆಕೆಂಡುಗಳಿಗೆ, ಬರಬರುತ್ತ 4000 ಸೆಕೆಂಡುಗಳಿಗೆ ಒಮ್ಮೆ ಪ್ರಯತ್ನಿಸುತ್ತದೆ. ಬೇರೆ ಏನೂ ಸೂಚಿಸದಿದ್ದರೆ, 5 ದಿನ ಕಾದು ಕಾಗದವನ್ನು ಹಿಂದಿರುಗಿಸುತ್ತದೆ.

ಹೊರಗಿನವರಿಗೆ ಈ ಕಚೇರಿಯ ನೆಲೆ ತಿಳಿಯಲು ಡಿಎನ್‌ಎಸ್ ಎಂಬ ಹೆಸರುಪಟ್ಟಿಯಲ್ಲಿ ‘ಎಂಎಕ್ಸ್’ ದಾಖಲೆಯಿರಬೇಕು. ಮನೆಯ ಸಂಪರ್ಕಗಳಲ್ಲಿ ಅಂಚೆಗೆ ಮೀಸಲಾದ 25ನೆಯ ದ್ವಾರವು ಅನೇಕ ವೇಳೆ ಮುಚ್ಚಿರುತ್ತದೆ; ಆದುದರಿಂದ ಪ್ರಾರಂಭದಲ್ಲಿ ಕಾಲೇಜಿನ ಎರಡು ಗಣಕಗಳ ನಡುವೆ ಕಾಗದಗಳನ್ನು ಓಡಾಡಿಸುವುದೇ ಸುಲಭ. ಒಂದನ್ನು ಆರಿಸಿ, ಇನ್ನೊಂದರಲ್ಲಿ ‘ಮೇಲ್‌ಕ್ಯೂ’ ಎಂಬ ಆಜ್ಞೆ ಕೊಟ್ಟರೆ, ಸರದಿಯಲ್ಲಿ ಕಾಯುತ್ತಿರುವ ಕಾಗದವು ಕಣ್ಣಿಗೆ ಬೀಳುತ್ತದೆ.