ಬದನೆಕಾಯಿ ನಂಜೇ, ಗೋಧಿ ವಿಷವೇ?

ಬದನೆಕಾಯಿ ನಂಜು, ಅವರೆಕಾಳು ವಾಯು, ರಾತ್ರಿ ಮೊಸರು ತಿಂದರೆ ಕಫ. ಇವೆಲ್ಲ ನಮ್ಮ ಅಡುಗೆಮನೆಗಳಲ್ಲಿ ಅತ್ತೆಯಿಂದ ಸೊಸೆಗೆ ಬಂದ ಮಾತುಗಳು. ಈಚೆಗೆ ಇವುಗಳ ಜೊತೆಗೆ ಇನ್ನಷ್ಟು ಸೇರಿವೆ: ಗೋಧಿ ಬಿಟ್ಟರೆ ಆರೋಗ್ಯ, ದೊಡ್ಡವರಿಗೆ ಹಾಲು ಬೇಡ, ಒಂದು ರಕ್ತಪರೀಕ್ಷೆ ಮಾಡಿಸಿದರೆ ಒಗ್ಗದ್ದೆಲ್ಲ ಗೊತ್ತಾಗುತ್ತದೆ. ತಿಂದ ಮೇಲೆ ಹೊಟ್ಟೆ ಉಬ್ಬರಿಸುವುದು, ಬಾಯಿ ತುರಿಸುವುದು ಖಂಡಿತ ನಿಜ. ಜನ ಎಡವುವುದು ಅದಕ್ಕೆ ಕಾರಣ ಕಟ್ಟುವಾಗ.

ಬದನೆಕಾಯಿಯನ್ನೇ ತೆಗೆದುಕೊಳ್ಳಿ. ಮೈಸೂರಿನಲ್ಲಿ 741 ಮಂದಿಯನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬದನೆಕಾಯಿ ತಿಂದರೆ ಏನಾದರೊಂದು ತೊಂದರೆ ಆಗುತ್ತದೆ ಎಂದವರು ಸುಮಾರು ಶೇ. 9. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಲರ್ಜಿ ಎಂದು ಖಚಿತವಾದದ್ದು ಶೇ. 1ಕ್ಕಿಂತ ಕಡಿಮೆ ಜನರಲ್ಲಿ. ಹಾಗೆಂದು ಉಳಿದವರ ತುರಿಕೆ ಬರೀ ಕಲ್ಪನೆ ಎನ್ನುವಂತಿಲ್ಲ. ಬದನೆಯಲ್ಲಿ ಸಹಜವಾಗಿಯೇ ಇರುವ ಹಿಸ್ಟಮಿನ್‌ನಂಥ ರಾಸಾಯನಿಕಗಳು ಅಲರ್ಜಿ ಇಲ್ಲದವರಲ್ಲೂ ತುರಿಕೆ ಎಬ್ಬಿಸಬಲ್ಲವು. ‘ನಂಜು’ ಎಂದ ಹಿರಿಯರು ಕಂಡದ್ದನ್ನೇ ಹೇಳಿದ್ದರು. ಆದರೆ ಒಬ್ಬರಿಗಾದದ್ದು ಇಡೀ ಮನೆಗೇ ಕಟ್ಟಳೆಯಾಯಿತು.

ಅಲರ್ಜಿಗೂ ಒಗ್ಗದಿರುವುದಕ್ಕೂ ವ್ಯತ್ಯಾಸ ದೊಡ್ಡದು. ಅಲರ್ಜಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆಹಾರವನ್ನು ಶತ್ರುವೆಂದು ತಿಳಿಯುತ್ತದೆ. ಒಂದು ಚೂರು ಕಡಲೆಕಾಯಿ ಸಾಕು. ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿಯಲ್ಲಿ ಊತ, ಉಸಿರಾಟಕ್ಕೆ ಕಷ್ಟ. ಉಸಿರು ಕಟ್ಟಿದರೆ ಅಡ್ರಿನಲಿನ್ ಚುಚ್ಚುಮದ್ದೇ ಬೇಕು, ಮನೆಮದ್ದಿಗೆ ಅಲ್ಲಿ ಜಾಗವಿಲ್ಲ. ಒಗ್ಗದಿರುವಿಕೆ ಬಹುತೇಕ ಜೀರ್ಣಕ್ರಿಯೆಯ ಸಮಸ್ಯೆ. ಅಲ್ಲಿ ಎಷ್ಟು ತಿಂದಿರಿ ಎಂಬುದೇ ಮುಖ್ಯ.

ಹಾಲಿನ ವಿಷಯದಲ್ಲಿ ಈ ಗೊಂದಲ ಎದ್ದು ಕಾಣುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರು ‘ನನಗೆ ಹಾಲಿನ ಅಲರ್ಜಿ’ ಎಂದುಬಿಡುತ್ತಾರೆ. ನಿಜದಲ್ಲಿ ಅವರಲ್ಲಿ ಬಹುಮಂದಿಗೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ವಯಸ್ಸಾದಂತೆ ಕಡಿಮೆಯಾಗಿರುತ್ತದೆ. ಬಾಲ್ಯ ದಾಟಿದ ಮೇಲೆ ಹೀಗಾಗುವುದು ಜಗತ್ತಿನ ಹೆಚ್ಚಿನ ಜನರಲ್ಲಿ ಸಾಮಾನ್ಯ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಹೀಗೆ ಒಗ್ಗದವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ಅಂದರೆ ಬೈಟು ಕಾಫಿಗೆ ಹೆದರಬೇಕಾಗಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಸ್ವಲ್ಪ ಮಟ್ಟಿಗೆ ಕರಗಿಸಿರುವುದರಿಂದ ಮೊಸರು, ಮಜ್ಜಿಗೆ ಇನ್ನೂ ಹಗುರ. ಅನುಮಾನವಿದ್ದರೆ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ. ಇದನ್ನು ತಿಳಿಯದೆ ಹಾಲು ಮೊಸರು ಎರಡನ್ನೂ ಬಿಟ್ಟವರು ಕ್ಯಾಲ್ಸಿಯಂ ಕೊರತೆಯನ್ನು ತಾವೇ ತಂದುಕೊಳ್ಳುತ್ತಾರೆ.

ಇನ್ನು ರಕ್ತಪರೀಕ್ಷೆ. ಕರ್ನಾಟಕದ ವಯಸ್ಕರಲ್ಲಿ ನಡೆದ, 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಅಂಕಿ ಎಲ್ಲರೂ ನೆನಪಿಡುವಂಥದ್ದು. ಆಹಾರಗಳ ವಿರುದ್ಧ, ಅಲರ್ಜಿಗೆ ಸಂಬಂಧಿಸಿದ ಐಜಿಇ ಪ್ರತಿಕಾಯ ಕಂಡುಬಂದದ್ದು ಶೇ. 26.5 ಜನರಲ್ಲಿ, ಲಕ್ಷಣಗಳೂ ಸೇರಿ ಅಲರ್ಜಿ ಇರಬಹುದು ಎನಿಸಿದ್ದು ಶೇ. 1.2ರಲ್ಲಿ ಮಾತ್ರ. ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಬಂದ ಮಾತ್ರಕ್ಕೆ ಆ ಆಹಾರ ತಟ್ಟೆಯಿಂದ ಹೋಗಬೇಕಾಗಿಲ್ಲ. ತಿಂದಾಗ ಏನಾಯಿತು ಎಂಬ ಕಥೆಯೊಂದಿಗೆ ಅದನ್ನು ವೈದ್ಯರು ಓದಬೇಕು. ನೂರಾರು ಆಹಾರಗಳ ಪಟ್ಟಿ ಕೊಟ್ಟು ದುಬಾರಿ ಬೆಲೆಗೆ ಮಾರುವ, ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆಗಳಂತೂ ಈ ಕೆಲಸಕ್ಕೆ ಬಾರವು. ಐಜಿಜಿ ಹೇಳುವುದು ನೀವು ಆ ಪದಾರ್ಥ ತಿಂದಿದ್ದೀರಿ ಎಂಬುದನ್ನಷ್ಟೆ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಇದನ್ನು ಬೇಡವೆಂದಿದೆ. ದಿನಾ ಅನ್ನ, ತೊಗರಿಬೇಳೆ ಉಣ್ಣುವವರ ವರದಿಯಲ್ಲಿ ಅವೇ ಕೆಂಪು ಅಕ್ಷರದಲ್ಲಿ ಬಂದರೆ ಅಚ್ಚರಿಯಿಲ್ಲ. ಅದನ್ನು ನಂಬಿ ಮಕ್ಕಳ ಊಟ ಕಡಿತ ಮಾಡುವುದು ನಿಜಕ್ಕೂ ಅನ್ಯಾಯ.

‘ಗೋಧಿ ಬಿಟ್ಟು ನೋಡೋಣ, ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗೋಣ.’ ಇದು ತಿರುವುಮುರುವಾದ ಕ್ರಮ. ಗೋಧಿಯಲ್ಲಿರುವ ಗ್ಲುಟನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಲ್ಲಿದ್ದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಅಪರೂಪವಾದರೂ ಇದೆ. ಅದನ್ನು ಪತ್ತೆಹಚ್ಚುವ ಟಿಟಿಜಿ ರಕ್ತಪರೀಕ್ಷೆ, ಆಮೇಲಿನ ಎಂಡೋಸ್ಕೋಪಿ ಎರಡೂ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ತಿಂಗಳುಗಟ್ಟಲೆ ಬಿಟ್ಟು ಹೋದರೆ ಕಾಯಿಲೆಯಿದ್ದೂ ಪರೀಕ್ಷೆ ‘ಇಲ್ಲ’ ಎನ್ನಬಹುದು.

ಕಾಯಿಲೆ ಖಚಿತವಾದವರಿಗೆ ರಾಗಿ, ಜೋಳ, ಅಕ್ಕಿ ಇರುವ ನಮ್ಮ ನಾಡು ಅನುಕೂಲದ್ದೇ. ಆದರೂ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಗ್ಲುಟನ್ ಬೆರೆಯುತ್ತದೆ. ಉಪ್ಪಿಟ್ಟಿನ ರವೆ ಗೋಧಿಯದು. ಹಿಂಗಿನ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ: ಅನೇಕ ಬ್ರ್ಯಾಂಡುಗಳಲ್ಲಿ ಗೋಧಿಹಿಟ್ಟು ಇರುತ್ತದೆ. ಸಾರಿನ ಒಗ್ಗರಣೆಯಲ್ಲಿ ಗೋಧಿ ಅಡಗಿರುತ್ತದೆ ಎಂದು ಆಹಾರ ತಜ್ಞರು ಹೇಳಿಕೊಡದಿದ್ದರೆ ಯಾರಿಗೆ ಹೊಳೆಯುತ್ತದೆ?

ಹೊಟ್ಟೆಯುಬ್ಬರಕ್ಕೆ ಎಷ್ಟೋ ಸಲ ಈರುಳ್ಳಿ, ಬೆಳ್ಳುಳ್ಳಿ, ಕಾಳುಗಳಲ್ಲಿರುವ, ಕರುಳಿನಲ್ಲಿ ಹುದುಗುವ ಸಕ್ಕರೆಗಳು ಕಾರಣ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯದಲ್ಲಿ ಇವನ್ನು ಎರಡರಿಂದ ಆರು ವಾರ ಮಾತ್ರ ತಗ್ಗಿಸುತ್ತಾರೆ. ಆಮೇಲೆ ಒಂದೊಂದನ್ನೇ, ಸ್ವಲ್ಪ ಸ್ವಲ್ಪವೇ, ಮತ್ತೆ ಊಟಕ್ಕೆ ಸೇರಿಸುತ್ತಾರೆ. ಈ ಎರಡನೆಯ ಹಂತವನ್ನು ಬಿಟ್ಟವರೇ ಹೆಚ್ಚು. ಹಾಗಾಗಿ ಹಿತಕಿದ ಬೇಳೆಯ ಸಾರು ಸುಮ್ಮನೆ ವರ್ಷಗಟ್ಟಲೆ ತಪ್ಪಿಹೋಗುತ್ತದೆ. ತಜ್ಞರ ಬಳಿ ಹೋಗುವ ಮುನ್ನ ಎರಡು ವಾರ ತಿಂದದ್ದು, ಹೊತ್ತು, ಪ್ರಮಾಣ, ಆದ ತೊಂದರೆ ಬರೆದಿಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಆದರೆ ನಿಜವಾದ ಅಲರ್ಜಿಯಲ್ಲಿ ‘ಚೂರು ತಿಂದು ನೋಡೋಣ’ ಎಂಬ ಪ್ರಯೋಗ ಮನೆಯಲ್ಲಿ ಸಲ್ಲದು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಸಾಸಿವೆಯಷ್ಟರಿಂದ ಶುರುಮಾಡಿ, 20–30 ನಿಮಿಷಕ್ಕೊಮ್ಮೆ ಪ್ರಮಾಣ ಏರಿಸುತ್ತಾ ಗಮನಿಸುತ್ತಾರೆ. ಹಾಲು, ಮೊಟ್ಟೆಯ ಅಲರ್ಜಿ ಇರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಬೆಳೆಯುತ್ತಾ ಅದು ತಾನಾಗಿ ಹೋಗುತ್ತದೆ. ಹೋಯಿತೇ ಇಲ್ಲವೇ ಎಂದು ಹೀಗೆ ಪರೀಕ್ಷಿಸಿಯೇ ವೈದ್ಯರು ಮಗುವಿಗೆ ಮತ್ತೆ ಮೊಟ್ಟೆ ಕೊಡಲು ಹೇಳುತ್ತಾರೆ.