ಬೆಟ್ಟದ ಚಳಿ

ಮೇಲೇರಿದಂತೆ ಚಳಿ ಹೆಚ್ಚುವುದೆಂಬುದನ್ನು ವಾಚಕರೆಲ್ಲರೂ ಬಲ್ಲರು. ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುವುದೆಂಬ ಲೆಕ್ಕವನ್ನು ನಾವೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆದರೆ ಕಳೆದ ಜನವರಿಯಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಮುಳ್ಳಯ್ಯನಗಿರಿಯನ್ನು ಏರಹೊರಟಾಗ ಬೆಟ್ಟವು ನಮಗೆ ಮೊದಲು ಬೇರೆಯ ಪಾಠವನ್ನೇ ಹೇಳಿತು.

ಬೆಳಗಿನ ಜಾವ ಐದೂವರೆಗೆ ಕಣಿವೆಯ ಕಾಫಿತೋಟಗಳ ಮೇಲೆ ದಟ್ಟವಾಗಿ ಮಂಜು ಕವಿದಿತ್ತು. ನಮ್ಮ ಉಷ್ಣತಾಮಾಪಕವು 12 ಡಿಗ್ರಿ ಸೆಲ್ಸಿಯಸನ್ನು ತೋರಿಸುತ್ತಿತ್ತು. ಸುಮಾರು ಒಂದು ಗಂಟೆಯ ಕಾಲ ಹತ್ತಿ ಮಂಜಿನಿಂದ ಹೊರಬಂದಾಗ ಅದೇ ಮಾಪಕದಲ್ಲಿ 14 ಡಿಗ್ರಿ! ಸೂರ್ಯನಿನ್ನೂ ಮೂಡಿರಲಿಲ್ಲವಾದ್ದರಿಂದ ಇದು ಬಿಸಿಲಿನ ಫಲವಲ್ಲ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣದಿಂದ ಕಳೆದುಕೊಳ್ಳುತ್ತದೆ. ನೆಲಕ್ಕೆ ತಗಲಿದ ಗಾಳಿಯೂ ತಣಿದು, ಸಾಂದ್ರವಾಗಿ, ಇಳಿಜಾರಿನಗುಂಟ ನೀರಿನಂತೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಅದರ ತೇವವೇ ಹನಿಗಟ್ಟಿ ಮಂಜಾಗುತ್ತದೆ. ಹೀಗೆ ತಂಪು ಕೆಳಗೆ, ಬೆಚ್ಚನೆಯದು ಮೇಲೆ ಆಗುವ ಸ್ಥಿತಿಗೆ ಉಷ್ಣತಾ ವಿಪರ್ಯಯವೆಂದು ಹೆಸರು.

ಈ ವಿಷಯವನ್ನು ನಾವು ಅಲ್ಲಿಯೇ ನಿಂತು ಉತ್ಸಾಹದಿಂದ ವಿವರಿಸಿದೆವು. "ಹಾಗಾದರೆ ಸ್ವೆಟರ್ ಬೇಡವಲ್ಲ ಸಾರ್?" ಎಂದು ಒಬ್ಬ ಹುಡುಗ ತನ್ನದನ್ನು ಕಳಚಿ, ಅಲ್ಲಿಂದಲೇ ಹಿಂತಿರುಗುತ್ತಿದ್ದ ಗೆಳೆಯನ ಕೈಗೆ ಕೊಟ್ಟುಬಿಟ್ಟ. ನಾವು ತಡೆಯಲಿಲ್ಲ. ವಿಪರ್ಯಯದ ಪದರವು ತೆಳುವೆಂಬುದನ್ನು ಆಗಲೇ ಹೇಳಬೇಕಾಗಿತ್ತು.

ಏರುವಾಗ ಯಾರಿಗೂ ಚಳಿಯಿರಲಿಲ್ಲ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗಿ, ಉಳಿದುದು ಶಾಖವಾಗುತ್ತದೆ. ಅಂಗಿಗಳು ಬೆವರಿನಿಂದ ತೊಯ್ದಿದ್ದವು. ಸುಮಾರು 1,930 ಮೀಟರ್ ಎತ್ತರದ ಶಿಖರವನ್ನು ಮುಟ್ಟಿದಾಗ ಮಾಪಕವು 11ಕ್ಕೆ ಇಳಿದಿತ್ತು; ಗಾಳಿ ರಭಸವಾಗಿ ಬೀಸುತ್ತಿತ್ತು. ಕಾಲುಗಂಟೆಯಲ್ಲಿ ಆ ಹುಡುಗ ನಡುಗತೊಡಗಿದ. ಮಾತು ತೊದಲಿತು. ಬಿಚ್ಚಿಹೋದ ಬೂಟಿನ ದಾರವನ್ನು ಕಟ್ಟಿಕೊಳ್ಳಲು ಬೆರಳುಗಳು ಬಗ್ಗಲಿಲ್ಲ.

ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ನೂರು ಗ್ರಾಂ ಬೆವರೆಂದರೆ 58,000 ಕ್ಯಾಲೊರಿ. ಇದಿಷ್ಟನ್ನೂ 60 ಕಿಲೋಗ್ರಾಂ ತೂಕದ ದೇಹವೇ ತೆರಬೇಕಾಗಿ ಬಂದು, ಹೊಸ ಶಾಖ ಹುಟ್ಟದಿದ್ದರೆ, ದೇಹದ ಉಷ್ಣತೆ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಇಳಿದೀತು. ನಿಂತ ಗಾಳಿಯಲ್ಲಿ ಆವಿಯಾಗುವಿಕೆ ನಿಧಾನ. ಬೀಸುಗಾಳಿಯಾದರೋ ಮೈಗೆ ಅಂಟಿದ ಬೆಚ್ಚನೆಯ, ತೇವದ ಗಾಳಿಯ ಪದರವನ್ನು ಕ್ಷಣಕ್ಷಣಕ್ಕೂ ಒಯ್ಯುತ್ತದೆ. ಹತ್ತುವಾಗ ಸ್ನಾಯುಗಳು ಈ ನಷ್ಟವನ್ನು ತುಂಬಿಕೊಡುತ್ತಿದ್ದವು. ಕುಳಿತೊಡನೆ ಆ ಪೂರೈಕೆ ಕುಗ್ಗಿತು. ನಡುಕವೆಂಬುದು ಸ್ನಾಯುಗಳನ್ನು ಕುಣಿಸಿ ಶಾಖ ಪಡೆಯಲು ದೇಹ ಹೂಡುವ ಉಪಾಯ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಚಳಿಯಲ್ಲಿರುವಾಗಲೇ ನಡುಕ ನಿಂತು ಮಂಪರು ಕವಿದರಂತೂ ಪ್ರಾಣಕ್ಕೇ ಅಪಾಯ. ಇದಕ್ಕೆ ಹಿಮವೇ ಬೇಕೆಂದಿಲ್ಲ.

ನಾವು ಅವನನ್ನು ದೇವಸ್ಥಾನದ ಗೋಡೆಯ ಮರೆಗೆ ಕರೆದೊಯ್ದು, ಹಸಿ ಅಂಗಿಯನ್ನು ತೆಗೆಸಿ, ಮೈಯೊರಸಿ, ಇಬ್ಬರ ಒಣ ಉಣ್ಣೆಯ ಉಡುಪುಗಳನ್ನು ತೊಡಿಸಿದೆವು. ಫ್ಲಾಸ್ಕಿನಲ್ಲಿದ್ದ ಬಿಸಿ ಚಹಕ್ಕೆ ಸಕ್ಕರೆ ಹೆಚ್ಚಾಗಿ ಬೆರೆಸಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಮಾತು ಸರಿಹೋಯಿತು, ಮೊದಲ ಮಾತೇ, "ವಿಪರ್ಯಯ ಎಲ್ಲಿಯವರೆಗೆ ಇತ್ತು ಸಾರ್?"

ಮಧ್ಯಾಹ್ನ ಇಳಿದುಬಂದಾಗ ಕಣಿವೆಯ ಮಂಜು ಕರಗಿತ್ತು, ಶಿಖರಕ್ಕಿಂತ ಅಲ್ಲಿಯೇ ಬೆಚ್ಚಗಿತ್ತು. ಅವನು ಮಾಪಕವನ್ನು ತಾನೇ ಓದಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ, ಸ್ವೆಟರನ್ನು ಸೊಂಟಕ್ಕೆ ಬಿಗಿದು.