ಪೆಟ್ಟಿಗೆ ಮಾವಿನ ಮಾರಾಟ: ಗಿರಾಕಿ ಎಲ್ಲಿ ಸೋರಿ ಹೋಗ್ತಿದ್ದಾರೆ?

ಮಾವಿನ ಸೀಸನ್ ಹತ್ತಿರ ಬಂದ ಹಾಗೆ ನನಗೆ ಬರೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸ್ಟೇಟಸ್ ಹಾಕಿದ್ರೆ ತುಂಬಾ ಜನ ನೋಡ್ತಾರೆ, ರೇಟ್ ಕೇಳ್ತಾರೆ, ಆಮೇಲೆ ಸುದ್ದಿನೇ ಇಲ್ಲ. ಇನ್ನೂ ಜಾಸ್ತಿ ಜನಕ್ಕೆ ತಲುಪಿಸೋದು ಹೇಗಣ್ಣ?"

ಸದ್ಯಕ್ಕೆ ಜಾಸ್ತಿ ಜನಕ್ಕೆ ತಲುಪಿಸೋದು ಬೇಡ. ಡ್ರಿಪ್ ಲೈನಿನ ಕೊನೆ ಗಿಡಕ್ಕೆ ನೀರು ಹೋಗ್ತಿಲ್ಲ ಅಂದ್ರೆ ನಾವು ಮೊದಲೇ ಮೋಟಾರ್ ಬದಲಾಯಿಸಲ್ಲ, ಲೈನ್ ಉದ್ದಕ್ಕೂ ನಡೆದು ಎಲ್ಲಿ ಸೋರ್ತಿದೆ ಅಂತ ಹುಡುಕ್ತೀವಿ. ಮಾರಾಟಕ್ಕೂ ಅದೇ ಕ್ರಮ. ಬಲಿತ ಮಾವು ಗಿರಾಕಿಗಾಗಿ ಕಾಯಲ್ಲ. ಪೆಟ್ಟಿಗೆಗೆ ಆರ್ಡರ್ ಸಿಗದ ಹಣ್ಣು ಕೊನೆಗೆ ಮಂಡಿಗೇ ಹೋಗಬೇಕು, ಅಲ್ಲಿ ರೇಟ್ ಹೇಳೋರು ನಾವಲ್ಲ.

ಫನಲ್ ಅಂದ್ರೆ ಇಷ್ಟೇ

ಡೀಸೆಲ್ ಹಾಕೋ ಲಾಳಿಕೆ ನೋಡಿದ್ದೀರಲ್ಲ, ಮೇಲೆ ಅಗಲ, ಕೆಳಗೆ ಸಣ್ಣ. ಮಾರಾಟದಲ್ಲೂ ನೋಡೋರು ತುಂಬಾ, ಕೇಳೋರು ಕಡಿಮೆ, ದುಡ್ಡು ಕೊಡೋರು ಇನ್ನೂ ಕಡಿಮೆ. ಇದಕ್ಕೇ ಸೇಲ್ಸ್ ಫನಲ್ ಅಂತಾರೆ.

ಒಂದು ಲೆಕ್ಕ ಹಿಡಿಯೋಣ. ನಿಮ್ಮ ಪೋಸ್ಟ್ 500 ಜನ ನೋಡಿದ್ರು, 60 ಜನ ಮೆಸೇಜ್ ಮಾಡಿದ್ರು, 18 ಜನ ಆರ್ಡರ್ ಕೊಟ್ರು. ಇದೇ ಪ್ರಮಾಣದಲ್ಲಿ 30 ಆರ್ಡರ್ ಬೇಕಂದ್ರೆ 100 ಜನ ಕೇಳಬೇಕು, ಅದಕ್ಕೆ 800ಕ್ಕೂ ಹೆಚ್ಚು ಜನ ನೋಡಬೇಕು. ಆದರೆ ಈಗಾಗಲೇ ಕೇಳಿರೋ 60 ಜನರಲ್ಲಿ ಅರ್ಧ ಜನ ತಗೊಂಡ್ರೂ 30 ಆಯ್ತು. ಜಾಹೀರಾತಿಗೆ ಒಂದು ರೂಪಾಯಿ ಖರ್ಚಿಲ್ಲ.

ಹಾಗಾಗಿ ಮೊದಲು ಎಣಿಸಿ. ನೋಡಿದವರು, ಕೇಳಿದವರು, ಆರ್ಡರ್ ಕೊಟ್ಟವರು, ದುಡ್ಡು ಹಾಕಿದವರು, ಎರಡನೇ ಸಲ ತಗೊಂಡವರು. ಒಂದು ನೋಟ್‌ಬುಕ್, ಐದು ಕಾಲಂ ಸಾಕು.

1. ನೋಡಿದವರು ಕೇಳ್ತಿಲ್ಲವೇ?

"ಸಾವಯವ ಮಾವು ಲಭ್ಯವಿದೆ, ಸಂಪರ್ಕಿಸಿ" ಅಂತಷ್ಟೇ ಹಾಕಿದ್ರೆ ಜನ ಮುಂದೆ ಹೋಗ್ತಾರೆ. ತಳಿ, ಎಷ್ಟು ಕೆಜಿ ಪೆಟ್ಟಿಗೆ, ಡೆಲಿವರಿ ಸೇರಿ ಬೆಲೆ, ಯಾವ ಏರಿಯಾ, ಯಾವ ದಿನ, ಆರ್ಡರ್ ಕೊಡೋಕೆ ಕೊನೆ ದಿನ: ಈ ಆರೂ ಪೋಸ್ಟ್‌ನಲ್ಲೇ ಇರಲಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಿಗೋ ಶಾರ್ಟ್ ಲಿಂಕ್ ಜೊತೆಗೆ ಹಾಕಿ. ಒತ್ತಿದ ತಕ್ಷಣ ಚಾಟ್ ತೆರೆಯುತ್ತೆ, ನಂಬರ್ ಸೇವ್ ಮಾಡೋ ತಾಪತ್ರಯ ಇಲ್ಲ.

2. ಕೇಳಿದವರು ತಗೊಳ್ತಿಲ್ಲವೇ?

ಇಲ್ಲಿ ಎರಡು ಕಾರಣ. ಮೊದಲನೆಯದು ತಡವಾದ ಉತ್ತರ. ನಾವು ತೋಟದಲ್ಲಿರ್ತೀವಿ, ಗಿರಾಕಿ ಅಷ್ಟರಲ್ಲಿ ಬೇರೆ ಕಡೆ ತಗೊಂಡಿರ್ತಾರೆ. ಪದೇ ಪದೇ ಬರೋ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಡಿ. ಬೆಲೆ, ಫೋಟೋ ಕ್ಯಾಟಲಾಗ್‌ನಲ್ಲಿರಲಿ.

ಎರಡನೆಯದು ನಂಬಿಕೆ. "ಕಾರ್ಬೈಡ್ ಹಾಕಿದ್ದೀರಾ?" ಅಂತ ಕೇಳಿದ್ರೆ ಬೇಜಾರು ಬೇಡ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸೋದು ಕಾನೂನಿನಲ್ಲೇ ನಿಷೇಧ, ಆದರೂ ಜನಕ್ಕೆ ಭಯ ಇದೆ. ಹುಲ್ಲಿನಲ್ಲಿ ಇಟ್ಟ ಕಾಯಿಯ ವಿಡಿಯೋ ಅವತ್ತಿಂದೇ ತೆಗೆದು ಕಳಿಸಿ. ಪಿಜಿಎಸ್ ಪ್ರಮಾಣಪತ್ರ ಇದ್ರೆ ಅದರ ಫೋಟೋ ಹಾಕಿ. ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲೋಗೋ ಮಾತ್ರ ಬಳಸಬೇಡಿ.

3. ಆರ್ಡರ್ ಆದರೂ ದುಡ್ಡು ಬರ್ತಿಲ್ಲವೇ?

ವಿಳಾಸ ಬಂದ ಕೂಡಲೇ ಯುಪಿಐ ಕ್ಯೂಆರ್ ಕಳಿಸಿ. ಚಾಟ್‌ಗೆ "ಪಾವತಿ ಬಾಕಿ" ಅಂತ ಲೇಬಲ್ ಹಾಕಿ, ಕೊಯ್ಲಿನ ಹಿಂದಿನ ಸಂಜೆ ಒಂದೇ ಒಂದು ಸಲ ನೆನಪಿಸಿ. ನಾನು ದುಡ್ಡು ಬಂದ ಪೆಟ್ಟಿಗೆಗಳ ಲೆಕ್ಕಕ್ಕೇ ಕಾಯಿ ಕೀಳೋದು. ಉಳಿದದ್ದು ಮರದಲ್ಲಿ ಇನ್ನೂ ಕೆಲವು ದಿನ ಇರಬಲ್ಲದು, ಗೋದಾಮಿನಲ್ಲಿ ಇರಲಾರದು.

4. ಮತ್ತೆ ಬರ್ತಿಲ್ಲವೇ?

ನನ್ನ ಪ್ರಕಾರ ದೊಡ್ಡ ಸೋರಿಕೆ ಇದೇ. ಒಮ್ಮೆ ತಿಂದು ಮೆಚ್ಚಿದವರಿಗೆ ಮತ್ತೆ ಮಾರೋಕೆ ಹೊಸಬರಿಗೆ ಮಾರುವಷ್ಟು ಮಾತು ಬೇಕಿಲ್ಲ. ಬಾದಾಮಿ, ರಸಪುರಿ ಮುಗಿಯೋ ಹೊತ್ತಿಗೆ ಮಲ್ಲಿಕಾ, ನೀಲಂ ಬರುತ್ತೆ, ಮನೆಮನೆಗೂ ಎರಡನೇ ಪೆಟ್ಟಿಗೆಗೆ ಅವಕಾಶ ಇದೆ.

ಆದರೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ವಾಟ್ಸಾಪ್ ಬ್ರಾಡ್‌ಕಾಸ್ಟ್ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಅದಕ್ಕೆ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ. ಹಣ್ಣು ಹೇಗೆ ಮಾಗಿಸಬೇಕು, ಫ್ರಿಜ್‌ಗೆ ಯಾವಾಗ ಇಡಬೇಕು, ಕೊನೆಗೆ "ಮುಂದಿನ ತಳಿ ಬಂದಾಗ ತಿಳಿಸ್ತೀವಿ, ನಂಬರ್ ಸೇವ್ ಮಾಡ್ಕೊಳ್ಳಿ". ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ, ಬ್ಲಾಕ್ ಮಾಡ್ತಾರೆ.

ಇನ್ನೊಂದು, ಬಾದಾಮಿಯಲ್ಲಿ ಸ್ಪಾಂಜಿ ಟಿಶ್ಯೂ ಅನ್ನೋ ದೋಷ ಬರುತ್ತೆ. ಹೊರಗೆ ಹಣ್ಣು ಚೆನ್ನಾಗೇ ಕಾಣುತ್ತೆ, ಕೊಯ್ದಾಗ ಓಟೆಯ ಹತ್ತಿರ ತಿರುಳು ಬಿಳಿಚಿ ಹುಳಿಯಾಗಿರುತ್ತೆ. ವಿಂಗಡಿಸುವಾಗ ಬರಿಗಣ್ಣಿಗೆ ಸಿಗಲ್ಲ. ಇದನ್ನ ಚೀಟಿಯಲ್ಲೇ ಬರೆದು, "ಫೋಟೋ ಕಳಿಸಿ, ಅಷ್ಟು ಹಣ್ಣಿನ ದುಡ್ಡು ವಾಪಸ್" ಅನ್ನಿ. ಮೊದಲೇ ಹೇಳಿದ್ರೆ ಗಿರಾಕಿ ಅದನ್ನ ಮೋಸ ಅಂದ್ಕೊಳ್ಳಲ್ಲ.

ಈ ವಾರದ ಕೆಲಸ

ನಾಲ್ಕನ್ನೂ ಒಟ್ಟಿಗೆ ರಿಪೇರಿ ಮಾಡೋಕೆ ಹೋಗಬೇಡಿ, ಯಾವುದರಿಂದ ಫಲ ಬಂತು ಅಂತಾನೇ ಗೊತ್ತಾಗಲ್ಲ. ಐದು ಕಾಲಂ ತುಂಬಿ, ಎಲ್ಲಿ ಹೆಚ್ಚು ಜನ ಬಿಟ್ಟು ಹೋಗ್ತಿದ್ದಾರೋ ಅದೊಂದನ್ನೇ ಸರಿಮಾಡಿ, ಮುಂದಿನ ವಾರ ಮತ್ತೆ ಎಣಿಸಿ. ಸೋರಿಕೆ ನಿಂತ ಮೇಲೆ ಜಾಹೀರಾತಿನ ಮಾತು.